ಹಕ್ಕಿ ಕಾಯೋ ಗುಂಪುಗಳು ಹೆಂಗ ಹುಟ್ಟಿದ್ವು, ಹೆಂಗ ಉಳದ್ವು? ಹಿನ್ನೀರಿನ ಕಡೆಯವ್ರು ಕೇಳಾಕತ್ತೀವಿ

ಹಿನ್ನೀರ ದಂಡಿ (ಬೀಳಗಿ)

ನಮಸ್ಕಾರ್ರಿ ಎಲ್ಲಾರಿಗೂ. ನಾವು ಬೀಳಗಿ ತಾಲೂಕಿನವ್ರು, ಥಂಡಿ ದಿನದಾಗ ಆಲಮಟ್ಟಿ ಹಿನ್ನೀರಿನ ದಂಡಿಗುಂಟ ಹಕ್ಕಿ ನೋಡಾಕ ಹೋಗೋ ಸಣ್ಣ ಗುಂಪು ನಮ್ದು. ಇಬ್ಬರು ಸಾಲಿ ಮಾಸ್ತರು ಅದಾರ, ಒಬ್ಬಾಕಿ ನರ್ಸ್, ಒಬ್ಬಾವ ಮೊಬೈಲ್ ರಿಪೇರಿ ಅಂಗಡಿಯಾವ, ಉಳದವ್ರೆಲ್ಲಾ ಡಿಗ್ರಿ ಓದೋ ಹುಡುಗ್ರು. ಅನಗವಾಡಿ ಸೇತುವಿ ಹಿಡದು ಹೆರಕಲ್ ಮಟಾ ನೀರು ಹಿಂದ ಸರದಂಗೆಲ್ಲಾ ಕೆಸರು ಬಿಡ್ತೈತಲ್ಲ, ಅಲ್ಲಿ ಡೆಮಾಯ್ಸೆಲ್ ಕ್ರೇನು, ಪಟ್ಟೆತಲಿ ಹೆಬ್ಬಾತು, ಕೆಲವೊಂದು ವರ್ಷ ಫ್ಲೆಮಿಂಗೊ ಸುದ್ದ ಇಳೀತಾವು.

ಈಗ ವಿಷಯ ಏನಂದ್ರ, ಒಂದು ಹೈಸ್ಕೂಲಿನವ್ರು ನಮ್ಮನ್ನ ಕರದಾರ, ಹಕ್ಕಿ ಕಾಯೋ ಸಂಘಗಳ ಇತಿಹಾಸ ಮಕ್ಕಳಿಗೆ ಹೇಳ್ರಿ ಅಂತ. ಹಕ್ಕಿ ಬಗ್ಗೆ ಕೇಳಿದ್ರ ತಾಸಗಟ್ಲೆ ಹೇಳತೀವಿ, ಆದ್ರ ಹಕ್ಕಿ ಕಾಯೋ ಮಂದಿ ಬಗ್ಗೆ ನಮಗ ಪೂರ್ತಿ ತಿಳದಿಲ್ಲ. ಇಂಥಾ ಗುಂಪು ಮೊದಲ ಯಾರು ಕಟ್ಟಿದ್ರು, ಯಾಕ ಕಟ್ಟಿದ್ರು, ಕೆಲವು ಗುಂಪು ಎರಡು ಥಂಡಿ ಕಳಿಯೂದ್ರಾಗ ಚದರಿ ಹೋಗ್ತಾವ, ಕೆಲವು ನೂರು ವರ್ಷದ ಮ್ಯಾಲ ನಡದಾವ, ಅದು ಹೆಂಗ ಅಂತ. ನಮ್ಮ ಭಾಗದ್ದು ಏನರ ಇದ್ರ ಇನ್ನೂ ಚಲೋ, ಯಾಕಂದ್ರ ಎಲ್ಲಾ ಉದಾಹರಣಿ ಮೈಸೂರು ಕಡೆದ್ದ ಕೊಟ್ರ ಮಕ್ಕಳು ಇದು ನಮ್ದಲ್ಲ ಅಂತ ತಿಳಕೋತಾರ.

ಇನ್ನೊಂದು ನಮ್ಮ ಸ್ವಂತ ಪ್ರಶ್ನೆ. ಗುಂಪನ್ನ ರಿಜಿಸ್ಟರ್ ಮಾಡಿಸಬೇಕೋ ಬ್ಯಾಡೋ ಅಂತ ನಮ್ಮೊಳಗ ವಾದ ನಡದೈತಿ, ಇನ್ನೂ ಹೆಸರ ಇಟ್ಟಿಲ್ಲ. ತಿಳದವ್ರು ಹೇಳ್ರಿ.

ಕ್ಯಾಂಪ್ ಓಣಿ (ಬೆಳಗಾವಿ)

ಚಲೋ ಪ್ರಶ್ನೆ ಕೇಳೀರಿ. ಮೈಸೂರಿಗೆ ಹೋಗೋದ ಬ್ಯಾಡ್ರಿ, ನಮ್ಮ ಭಾಗದಿಂದನ ಶುರು ಮಾಡ್ರಿ. 1881ರಾಗ ದಖನ್ ಮತ್ತ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಒಂದು ಅಚ್ಚಾತು. ಬರದಾವ ಇ.ಎ. ಬಟ್ಲರ್ ಅನ್ನೋ ಬ್ರಿಟಿಷ್ ಸೇನಾ ಕ್ಯಾಪ್ಟನ್, ಇದ್ದದ್ದು ನಮ್ಮ ಬೆಳಗಾವಿಯೊಳಗ. ದಕ್ಷಿಣ ಮರಾಠಾ ಸೀಮಿ ಅಂದ್ರ ಬೆಳಗಾವಿ, ಧಾರವಾಡ, ಆಗಿನ ಕಲಾದಗಿ ಜಿಲ್ಲಾ ಎಲ್ಲಾ ಬಂತು, ನಿಮ್ಮ ಬೀಳಗಿ ಬಾಗಲಕೋಟ ಸುದ್ದ ಕಲಾದಗಿ ಜಿಲ್ಲಾದೊಳಗ ಇದ್ದವು. ಅದು ಪ್ರಕಟ ಆದದ್ದು ಎ.ಓ. ಹ್ಯೂಮ್ ನಡಸ್ತಿದ್ದ ಹಕ್ಕಿ ಪತ್ರಿಕಿಯೊಳಗ, ಮುಂದ 1885ರಾಗ ಕಾಂಗ್ರೆಸ್ ಕಟ್ಟಿದವ್ರೊಳಗ ಇದ್ದನಲ್ಲ, ಅದೇ ಹ್ಯೂಮ್.

ಆದ್ರ ಇಲ್ಲೊಂದು ಮಾತು ಮಕ್ಕಳಿಗೆ ಬಿಡಿಸಿ ಹೇಳ್ರಿ. ಆಗಿನವ್ರು ಹಕ್ಕಿ ಪಟ್ಟಿ ಮಾಡ್ತಿದ್ದದ್ದು ಬಂದೂಕು ಹಿಡದು. ಹೊಡದು, ಚರ್ಮ ಸುಲದು, ಒಣಗಿಸಿ, ಚೀಟಿ ಕಟ್ಟಿ ಇಡೋರು. ಹಕ್ಕಿ ತಿಳಕೊಳ್ಳೋ ಗುಂಪು ಮೊದಲ ಹುಟ್ಟಿದ್ವು, ಹಕ್ಕಿ ಕಾಯೋ ಬುದ್ಧಿ ಆಮ್ಯಾಲ ಬಂತು, ನಡುವ ಎಷ್ಟೋ ವರ್ಷ ಹೋದವು.

1883ರ ಸೆಪ್ಟೆಂಬರ್ 15ಕ್ಕ ಮುಂಬೈದಾಗ ಎಂಟು ಮಂದಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ್ರು, ಬಿಎನ್‌ಎಚ್‌ಎಸ್ ಅಂತಾರಲ್ಲ ಅದು. ಎಂಟರಾಗ ಇಬ್ಬರು ನಮ್ಮವ್ರು, ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತ ಡಾಕ್ಟರ್ ಸಖಾರಾಮ ಅರ್ಜುನ. ನಮ್ಮ ಜಿಲ್ಲಾಗಳು ಆಗ ಮುಂಬೈ ಪ್ರಾಂತ್ಯದೊಳಗ ಇದ್ದವು, ಅದಕ್ಕ ಅದು ಹೊರಗಿನವ್ರ ಸಂಘ ಅಂತ ನಾನಂತೂ ತಿಳಿಯಂಗಿಲ್ಲ. ಶುರುವಿನ್ಯಾಗ ಅವ್ರ ಹತ್ರ ಸ್ವಂತ ಜಾಗಾನ ಇರಲಿಲ್ಲ, ಫಿಪ್ಸನ್ ಅನ್ನೋ ಸದಸ್ಯನ ವೈನ್ ಅಂಗಡಿಯೊಳಗ ಒಂದು ಖೋಲಿ, ಅಲ್ಲೇ ಸಂಗ್ರಹ, ಅಲ್ಲೇ ಮೀಟಿಂಗ್. 1908ರಾಗ ಸಲೀಂ ಅಲಿ ಅನ್ನೋ ಹುಡುಗ ಏರ್‌ಗನ್ನಿಂದ ಒಂದು ಗುಬ್ಬಿ ಹೊಡದ, ಕೊಳ್ಳಾಗ ಹಳದಿ ಇತ್ತು, ಇದ್ಯಾವ ಗುಬ್ಬಿ ಅಂತ ಕೇಳಾಕ ಇದೇ ಸೊಸೈಟಿಗೆ ಬಂದ. ಅಲ್ಲಿ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನ್ನ ಬೈದು ಹೊರಗ ಹಾಕಲಿಲ್ಲ, ಕಪಾಟು ತಗದು ಒಂದೊಂದ ಹಕ್ಕಿ ತೋರಿಸಿದ. ಮುಂದ ಅದೇ ಹುಡುಗ ದೇಶದ ದೊಡ್ಡ ಪಕ್ಷಿತಜ್ಞ ಆದ. 1939-40ರಾಗ ಮೈಸೂರು ಸಂಸ್ಥಾನದ ಹಕ್ಕಿ ಸರ್ವೇ ಮಾಡಿದ್ರು, 1940ಕ್ಕ ರಂಗನತಿಟ್ಟು ಪಕ್ಷಿಧಾಮ ಆತು. ಬಾಗಿಲಿಗೆ ಬಂದ ಹುಡುಗಗ ಕಪಾಟು ತಗದು ತೋರಿಸೋದು, ನನ್ನ ಪ್ರಕಾರ ಗುಂಪು ಉಳಿಯೂದು ಇಲ್ಲಿಂದನ. ನಿಮ್ಮ ಹೈಸ್ಕೂಲ್ ಕಾರ್ಯಕ್ರಮ ಸಣ್ಣದಂತ ತಿಳಕೋಬ್ಯಾಡ್ರಿ.

ನಮ್ಮ ಜಿಲ್ಲಾದ ಘಟಪ್ರಭಾ ಪಕ್ಷಿಧಾಮಾನೂ ಬಿಡಬ್ಯಾಡ್ರಿ. ಗೋಕಾಕ ತಾಲೂಕಿನ ಧೂಪದಾಳ ಬ್ಯಾರೇಜಿನ ಹಿನ್ನೀರು ಅದು, ಹೊಲಕ್ಕ ನೀರು ಹೋಗ್ಲಿ ಅಂತ ಬ್ರಿಟಿಷರು ಕಟ್ಟಿದ್ದು, ಹಕ್ಕಿಗಂತ ಯಾರೂ ಕಟ್ಟಲಿಲ್ಲ. ನೀರು ನಿಂತು ನಡುಗಡ್ಡಿ ಆದವು, ಹಕ್ಕಿ ತಾವಾಗಿ ಬಂದ್ವು, 1974ರಾಗ ಪಕ್ಷಿಧಾಮ ಅಂತ ಘೋಷಣಾ ಆತು, ಸುಮಾರು 29 ಚದರ ಕಿಲೋಮೀಟರ್. ನಿಮ್ಮ ಹಿನ್ನೀರಿನ ಕಥಿನೂ ಅದ ಅಲ್ಲೇನ್ರಿ?

ಗೋಳಗುಮ್ಮಟದ ಅಕ್ಕ (ವಿಜಯಪುರ)

ಮ್ಯಾಲ ಅಣ್ಣಾರು ಬರದದ್ದೆಲ್ಲಾ ಛಲೋ ಅದ, ಆದ್ರ ಅದರಾಗ ಒಬ್ಬಾಕಿ ಹೆಣಮಗಳೂ ಬರಲಿಲ್ಲ. ನಾ ಹೈಸ್ಕೂಲಿನಾಗ ಇತಿಹಾಸ ಕಲಸತೀನಿ, ಈ ಕಥಿ ನಮ್ಮ ಹುಡುಗ್ಯಾರಿಗೆ ಹೇಳಿದಾಗ ಅವ್ರು ಕೇಳೋ ರೀತಿನ ಬ್ಯಾರೆ ಆಗ್ತದ, ಅದಕ್ಕ ನೀವೂ ಹೇಳಲೇಬೇಕು. ಜಗತ್ತಿನಾಗ ಹಕ್ಕಿ ಕಾಯೋ ದೊಡ್ಡ ಸಂಘಗಳನ್ನ ಕಟ್ಟಿದವ್ರು ಹೆಂಗಸ್ರು.

ಆಗಿನ ಕಾಲಕ್ಕ ಯುರೋಪ್ ಅಮೆರಿಕಾದಾಗ ದೊಡ್ಡ ಮನಿತನದ ಹೆಂಗಸ್ರು ಟೊಪ್ಪಿಗಿಗೆ ಹಕ್ಕಿ ಪುಚ್ಚ ಸಿಗಸ್ಕೊಳ್ಳೋದು ಫ್ಯಾಷನ್. ಬೆಳ್ಳಕ್ಕಿಗೆ ಮರಿ ಮಾಡೋ ಕಾಲಕ್ಕ ಬೆನ್ನ ಮ್ಯಾಲ ಎಳಿ ಎಳಿ ಬಿಳಿ ಗರಿ ಬರ್ತಾವ, ಅವು ಬೇಕಾಗಿದ್ದು. ಅಂದ್ರ ಗೂಡಿನಾಗ ಮರಿ ಇದ್ದಾಗನ ತಾಯಿ ತಂದಿ ಹೊಡೀಬೇಕು, ಮರಿ ಹಸದು ಸಾಯಬೇಕು. ತೂಕಕ್ಕ ತೂಕ ಬಂಗಾರಕ್ಕಿಂತ ತುಟ್ಟಿ ಇತ್ತು ಆ ಗರಿ. ನಮ್ಮ ದೇಶದಿಂದನೂ ಹೋಗ್ತಿತ್ತು, 1902ರಾಗ ಬ್ರಿಟಿಷ್ ಸರಕಾರ ಭಾರತದಿಂದ ಪುಚ್ಚ ಹೊರಗ ಕಳಸೋದನ್ನ ಬಂದ್ ಮಾಡ್ತು, ಆದ್ರೂ ಕಳ್ಳದಾರಿಲೆ ಹೋಗೋದು ನಿಂದರಲಿಲ್ಲ.

ಇಂಗ್ಲೆಂಡಿನಾಗ 1889ಕ್ಕ ಎಮಿಲಿ ವಿಲಿಯಮ್ಸನ್ ಅನ್ನೋ ಹೆಣಮಗಳು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯೊಳಗ ತನ್ನ ಮನ್ಯಾಗ ಒಂದು ಸಂಘ ಕಟ್ಟಿದ್ಲು. ಆಗ ಪಕ್ಷಿತಜ್ಞರ ದೊಡ್ಡ ಸಂಘದಾಗ ಬರೇ ಗಂಡಸ್ರು, ಹೆಂಗಸ್ರನ್ನ ಸೇರಿಸ್ಕೋತಿರಲಿಲ್ಲ. ಲಂಡನ್ ಕಡೆ ಕ್ರಾಯ್ಡನ್‌ನ್ಯಾಗ ಎಲಿಜಾ ಫಿಲಿಪ್ಸ್ ಅನ್ನಾಕಿನೂ ಇಂಥಾದ್ದ ಗುಂಪು ಮಾಡಿದ್ಲು, 1891ಕ್ಕ ಎರಡೂ ಕೂಡಿದ್ವು. ನಿಯಮ ಸರಳ: ಊಟಕ್ಕಂತ ಕೊಲ್ಲದ ಹಕ್ಕಿ ಪುಚ್ಚ ತೊಡಂಗಿಲ್ಲ, ಉಷ್ಟ್ರಪಕ್ಷಿದ್ದು ಒಂದು ಬಿಟ್ಟು. ಅದು ಮುಂದ ಆರ್‌ಎಸ್‌ಪಿಬಿ (ರಾಯಲ್ ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಬರ್ಡ್ಸ್) ಆತು, 1904ರಾಗ ರಾಜಮನಿತನದ ಮನ್ನಣಿ ಸಿಕ್ಕಿತು. ಪುಚ್ಚ ತರಸೋದರ ಮ್ಯಾಲ ಬ್ರಿಟನ್ನಿನಾಗ ಕಾಯ್ದೆ ಬಂದದ್ದು 1921ಕ್ಕ, ಅಂದ್ರ ಮೂವತ್ತು ವರ್ಷಕ್ಕಿಂತ ಹೆಚ್ಚು ಗುದ್ದಾಡ್ಯಾರ!

ಅಮೆರಿಕಾದಾಗ 1896, ಬಾಸ್ಟನ್ ಊರು. ಹ್ಯಾರಿಯೆಟ್ ಹೆಮೆನ್‌ವೇ ಮತ್ತ ಆಕಿ ಸಂಬಂಧಿ ಮಿನ್ನಾ ಹಾಲ್ ಇಬ್ಬರೂ ಕುಂತು ಊರಾಗಿನ ದೊಡ್ಡ ಮನಿಗಳ ಪಟ್ಟಿ ಮಾಡಿ ಒಬ್ಬೊಬ್ಬರನ್ನ ಚಹಾಕ್ಕ ಕರದು ಪುಚ್ಚದ ಟೊಪ್ಪಿಗಿ ಬಿಡ್ರಿ ಅಂತ ಒಪ್ಪಿಸಿದ್ರು, ಸುಮಾರು 900 ಹೆಂಗಸ್ರು ಕೂಡಿದ್ರಂತ. ಅದು ಮ್ಯಾಸಚೂಸೆಟ್ಸ್ ಆಡುಬಾನ್ ಸೊಸೈಟಿ, ಈಗೂ ನಡದದ. ಅದನ್ನ ನೋಡಿ ಒಂದೊಂದು ರಾಜ್ಯದಾಗ ಆಡುಬಾನ್ ಸಂಘ ಹುಟ್ಟಿದ್ವು, 1900ಕ್ಕ ಕಾಯ್ದೆ ಮುರದು ಹೊಡದ ಹಕ್ಕಿ ಪ್ರಾಣಿ ರಾಜ್ಯದಿಂದ ರಾಜ್ಯಕ್ಕ ಸಾಗಸಂಗಿಲ್ಲ ಅನ್ನೋ ಲೇಸಿ ಕಾಯ್ದೆ, 1918ಕ್ಕ ವಲಸಿ ಹಕ್ಕಿ ಒಪ್ಪಂದದ ಕಾಯ್ದೆ. ಇಬ್ಬರು ಹೆಂಗಸ್ರು ತಮಗ ಗೊತ್ತಿದ್ದ ಮನಿಗಳಿಂದ ಶುರು ಮಾಡಿದ್ದು, ಅದನ್ನ ಒತ್ತಿ ಹೇಳ್ರಿ.

ಹಳೇದಾತು ಅಂದ್ರ ಅಸ್ಸಾಂ ಅದ. ಕಾಮರೂಪ ಜಿಲ್ಲೆಯ ದಾದರಾ ಕಡೆ ಹರಗಿಲಾ ಅನ್ನೋ ದೊಡ್ಡ ಕೊಕ್ಕರಿ, ಸತ್ತದ್ದು ತಿಂತದ, ನಾರ್ತದ, ನೋಡಾಕನೂ ಛಂದಿಲ್ಲ ಅಂತ ಮಂದಿ ಗೂಡಿದ್ದ ಗಿಡಾನ ಕಡೀತಿದ್ರು. ಪೂರ್ಣಿಮಾ ದೇವಿ ಬರ್ಮನ್ ಅಲ್ಲಿ ಹಳ್ಳಿ ಹೆಂಗಸ್ರನ್ನ ಕೂಡಿಸಿದ್ರು, ಈಗ ಅದಕ್ಕ ಹರಗಿಲಾ ಆರ್ಮಿ ಅಂತಾರ, ಮಗ್ಗದಾಗ ಬಟ್ಟಿ ಮ್ಯಾಲ ಆ ಹಕ್ಕಿ ಚಿತ್ರಾ ನೇದು ಮಾರತಾರ. ನಿಮ್ಮ ಜಿಲ್ಲಾದಾಗ ಇಳಕಲ್ ಅದ, ಗುಳೇದಗುಡ್ಡ ಅದ. ಸೆರಗಿನಾಗ ಒಂದು ಕ್ರೇನ್ ನೇಯಾಕ ಯಾರಾದ್ರೂ ನೇಕಾರರು ಒಪ್ಪಿದ್ರ ನಾ ಮೊದಲನೇ ಸೀರಿ ತಗೋತೀನಿ, ಖರೇನ ಹೇಳಾಕತ್ತೀನಿ.

ಕೃಷ್ಣಾ ದಂಡಿ ರೈತ (ಕೊಲ್ಹಾರ)

ಎಲ್ಲಾರು ಬರದದ್ದು ಓದೀನ್ರಿ. ಒಂದು ಮಾತು ನಾನೂ ಹೇಳತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ನಮ್ಮ ಮನಿತನದ ಹೊಲ ಹೆಚ್ಚಿಂದು ಮುಳುಗಡಿಗೆ ಹೋತು. ಉಳದ ತುಂಡು ನೀರಿನ ಬಾಜೂಕ ಐತಿ. ಕಡ್ಲಿ ಬಿತ್ತಿ ಮೊಳಕಿ ಬರೋ ಹೊತ್ತಿಗೆ ಈ ಕ್ರೇನು ಹಿಂಡಹಿಂಡ ಇಳೀತಾವು, ಹೆಬ್ಬಾತು ರಾತ್ರಿ ಬಂದು ಎಳಿ ಎಲಿ ಮೇಯ್ತಾವು. ನಾವು ತಗಡು ಬಡದು ಹೊಡಸತೀವಿ, ಕಲ್ಲು ಒಗದು ಕೊಲ್ಲಂಗಿಲ್ಲ, ನಮ್ಮ ಹಿರ್ಯಾರು ಹಂಗ ಕಲಿಸಿಲ್ಲ. ಆದ್ರ ಹಕ್ಕಿ ನೋಡಾಕ ಬರೋರು ಕಾರು ತಂದು ಬದುವಿನ ಮ್ಯಾಲ ನಿಂದರಸ್ತಾರ, ಫೋಟೋ ಸಲುವಾಗಿ ಹೊಲದಾಗ ಹಾಯ್ದು ಹೋಗ್ತಾರ, ಹಕ್ಕಿ ಹಾರೋ ಫೋಟೋ ಬೇಕಂತ ಓಡಿ ಎಬ್ಬಸ್ತಾರ. ಹಕ್ಕಿ ಎದ್ದು ಬಾಜೂ ಹೊಲದಾಗ ಇಳೀತಾವು, ಅವನ ಕಡ್ಲಿನೂ ಹೋತು. ಬಂದವ್ರಾಗ ಒಬ್ಬಾವರ ಈ ಹೊಲ ಯಾರದು ಅಂತ ಕೇಳಿಲ್ಲ.

ನೀವು ಸಂಘ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ನಮ್ಮಂಥವ್ರನ್ನ ಅದರಾಗ ತಗೋತೀರಿ ಏನು, ಅಷ್ಟ ಹೇಳ್ರಿ.

ಹಿನ್ನೀರ ದಂಡಿ (ಬೀಳಗಿ)

ಕಾಕಾರ, ನೀವು ಬರದದ್ದನ್ನ ನಮ್ಮ ಗುಂಪಿನಾಗ ಎಲ್ಲಾರಿಗೂ ಓದಿ ಹೇಳೀನಿ. ಹಂಗ ಓಡಿ ಎಬ್ಬಸೋರನ್ನ ನಾವೂ ನೋಡೀವಿ, ಭಾಳ ಸಂಕಟ ಆಗ್ತೈತಿ, ಅಷ್ಟು ದೂರದಿಂದ ಹಾರಿ ಬಂದ ಹಕ್ಕಿ ಕುಂತು ಮೇಯೋ ಹೊತ್ತಿನ್ಯಾಗ ಪದೇಪದೇ ಎಬ್ಬಿಸಿದ್ರ ಅದರ ಮೈಯಾಗಿನ ಕೊಬ್ಬು ಕರಗತೈತಿ, ವಾಪಸ್ ಹೋಗೋ ಶಕ್ತಿ ಕಮ್ಮಿ ಆಗ್ತೈತಿ. ನೀವು ಗುಂಪಿನಾಗ ಇರಲೇಬೇಕು. ಆದ್ರ ಬೆಳಿ ಹಾನಿಗೆ ನಾವೇನು ಮಾಡಬಲ್ಲಿವಿ ಅಂತ ಗೊತ್ತಾಗವಲ್ದು. ಯಾರರ ಇಂಥಾ ಜಗಳ ಬಗಿಹರದದ್ದು ನೋಡೀರೇನು?

ತೇರದಾಳ ಮಂಡ್ಯ ತೇರದಾಳ

ನಾನು ತೇರದಾಳದವ, ಕೆಲಸದ ಸಲುವಾಗಿ ಮಂಡ್ಯ ಕಡೆ ಇದ್ದೆ, ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗ್ತಾ ಬರ್ತಾ ಇದ್ದೆ, ಅದಕ್ಕ ಇದನ್ನ ಸ್ವಲ್ಪ ಉದ್ದ ಬರೀತೀನಿ. ಮೈಸೂರು ಕಡೆ ಉದಾಹರಣಿ ಬ್ಯಾಡ ಅಂದೀರಿ, ಆದ್ರ ಕಾಕಾರು ಕೇಳಿದ್ದಕ್ಕ ಇದಕ್ಕಿಂತ ಚಲೋ ಉತ್ತರ ನನಗ ಗೊತ್ತಿಲ್ಲ.

ಶಿಂಷಾ ನದಿ ಹತ್ರ ಊರು ಅದು. ಹೆಜ್ಜಾರ್ಲೆ ಅಂದ್ರ ಪೆಲಿಕನ್, ಮತ್ತ ಬಣ್ಣದ ಕೊಕ್ಕರಿ, ಊರೊಳಗಿನ ಹುಣಸಿ ಗಿಡದ ಮ್ಯಾಲ ಗೂಡು ಕಟ್ತಾವ. ಮನಿ ಮುಂದ, ಹಿತ್ತಲದಾಗ, ದಾರಿ ಮ್ಯಾಲ, ಎಲ್ಲಾ ಕಡೆ. ಹಕ್ಕಿ ಬಂದ್ರ ಹೆಣ್ಣುಮಕ್ಕಳು ಬಾಣಂತನಕ್ಕ ತವರಿಗೆ ಬಂದಂಗ ಅಂತ ಆ ಊರವ್ರು ನಂಬತಾರ. ಹಿಕ್ಕಿ ಕೆಳಗ ಬಿದ್ದದ್ದನ್ನ ಮಣ್ಣು ಕೂಡಿಸಿ ಹೊಲಕ್ಕ ಗೊಬ್ಬರ ಹಾಕ್ತಿದ್ರು. ಇದು ಎಲ್ಲಾರೂ ಬರಿಯೋ ಕಥಿ, ಆದ್ರ ನಂಬಿಕಿ ಒಂದರಿಂದನ ಹಕ್ಕಿ ಉಳೀಲಿಲ್ರಿ, ಅದನ್ನ ಬಿಟ್ಟುಬಿಡ್ತಾರ. ಹುಣಸಿ ಗಿಡ ಅಂದ್ರ ರೊಕ್ಕ. ಹಕ್ಕಿ ಕುಂತ ಗಿಡಕ್ಕ ಫಸಲು ಕಮ್ಮಿ, ಕಡದು ಮಾರಿದ್ರ ಕಟ್ಟಿಗಿ ರೇಟು ಬರ್ತೈತಿ. 1976ರ ಹೊತ್ತಿಗೆ ಎಸ್.ಜಿ. ನೇಗಿನಹಾಳ ಅನ್ನೋ ಅರಣ್ಯ ಅಧಿಕಾರಿ ಈ ಊರು ನೋಡಿ, ಗೂಡಿದ್ದ ಗಿಡದ ಮಾಲಕರಿಗೆ ಇಲಾಖೆಯಿಂದ ಪರಿಹಾರ ಕೊಡಸೋ ಪದ್ಧತಿಗೆ ಕಾರಣ ಆದ್ರು. ಹಕ್ಕಿಯಿಂದ ನಷ್ಟ ಆಗೋದು ಗಿಡದ ಮಾಲಕಗ, ಪುಣ್ಯ ಊರಿಗೆಲ್ಲಾ, ಈ ಲೆಕ್ಕಾ ಸರಿ ಮಾಡದ ಬರೇ ಭಾಷಣ ಮಾಡಿದ್ರ ಯಾವನೂ ಕೇಳಂಗಿಲ್ಲ.

ಆಮ್ಯಾಲ 1994ರಿಂದ ಮೈಸೂರಿನ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನೋ ಗುಂಪು ಅಲ್ಲಿ ಕೆಲಸ ಶುರು ಮಾಡ್ತು. ಅವ್ರು ಮಾಡಿದ ಶ್ಯಾಣೇ ಕೆಲಸ ಅಂದ್ರ ಊರ ಹುಡುಗ್ರದ್ದ ಒಂದು ಗುಂಪು ಆಗೂ ಹಂಗ ಮಾಡಿದ್ದು, ಹೆಜ್ಜಾರ್ಲೆ ಬಳಗ ಅಂತ. ಗಾಳಿ ಮಳಿಗೆ ಗೂಡಿನಿಂದ ಬಿದ್ದ ಮರಿಗಳನ್ನ ಬ್ಯಾಲಿ ಹಾಕಿದ ಜಾಗದಾಗ ಇಟ್ಟು, ಮೀನು ಹಾಕಿ, ಹಾರೂ ಹಂಗ ಆದ ಮ್ಯಾಲ ಬಿಡ್ತಿದ್ರು. ಪಟ್ಟಣದಿಂದ ಬಂದವ್ರು ವಾಪಸ್ ಹೋಗ್ತಾರ, ಬಿದ್ದ ಮರಿ ಎತ್ತಾಕ ಅಲ್ಲೇ ಇರೋ ಮಂದಿ ಬೇಕು. 2007ರಾಗ ಅದು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣಾ ಆತು.

ನಿಮ್ಮ ಕ್ರೇನಿನ ವಿಷಯಕ್ಕ ಬಂದ್ರ ರಾಜಸ್ಥಾನದ ಫಲೋದಿ ಹತ್ರ ಖೀಚನ್ ಅಂತ ಹಳ್ಳಿ ಐತಿ, ಇದೇ ಡೆಮಾಯ್ಸೆಲ್ ಕ್ರೇನು ಅಲ್ಲಿ ಥಂಡಿಯಾಗ ಸಾವಿರಾರು ಇಳೀತಾವು. ಊರ ಮಂದಿ, ಹೆಚ್ಚು ಜೈನರು, 1970ರ ದಶಕದಿಂದ ಬ್ಯಾಲಿ ಹಾಕಿದ ಚುಗ್ಗಾ ಘರ್‌ನ್ಯಾಗ ಕಾಳು ಹಾಕ್ತಾ ಬಂದಾರ, ಊರಿನವ್ರ ದೇಣಿಗಿಯಿಂದ. ನಮ್ಮಲ್ಲಿ ಹಂಗ ಕಾಳು ಹಾಕ್ರಿ ಅಂತ ನಾ ಹೇಳಂಗಿಲ್ಲ, ಒಂದ ಕಡೆ ಅಷ್ಟು ಹಕ್ಕಿ ಕೂಡಿದ್ರ ರೋಗದ ಭಯ, ಮ್ಯಾಲ ಕರೆಂಟ್ ವಾಯರಿನ ಭಯ ಬ್ಯಾರೆ. ಆದ್ರ ಹಕ್ಕಿ ಖರ್ಚು ಒಬ್ಬ ರೈತನ ಮ್ಯಾಲ ಬೀಳಬಾರದು, ಊರು ಹಂಚ್ಕೋಬೇಕು ಅನ್ನೋದು ಅಲ್ಲಿ ಕಾಣತೈತಿ.

ಜಮಖಂಡಿ ಪೋರ

ಕೊಕ್ಕರೆಬೆಳ್ಳೂರಿನ ಮಾತು ಪಕ್ಕಾ. ನಾನೂ ಈ ಚರ್ಚೆ ನೋಡಾಕತ್ತೀನಿ, ನಮ್ಮ ಚಿಕ್ಕಪಡಸಲಗಿ ಬ್ಯಾರೇಜ್ ಕಡೆನೂ ಹಕ್ಕಿ ಅದಾವು. ರಿಜಿಸ್ಟರ್ ಪ್ರಶ್ನೆಗೆ ಯಾರೂ ಉತ್ತರಾ ಕೊಡಲಿಲ್ಲಲ್ಲ.

ಕರಿಕೋಟು (ಬಾಗಲಕೋಟ)

ರಿಜಿಸ್ಟರ್ ಬಗ್ಗೆ ನಾ ಹೇಳತೀನಿ, ವಕೀಲಿ ಮಾಡತೀನಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಮಂದಿ ಇದ್ರ ಸಂಘ ಮಾಡಬಹುದು, ಜಿಲ್ಲಾ ನೋಂದಣಾಧಿಕಾರಿ ಕಡೆ ಬೈಲಾ ಅಂದ್ರ ಸಂಘದ ನಿಯಮಾವಳಿ ಕೊಟ್ಟು ಮಾಡಸೋದು. ಮಾಡಸೋದು ಸುಲಭ, ವರ್ಷಾ ವರ್ಷಾ ಲೆಕ್ಕಪತ್ರ ಸಲ್ಲಸೋದು ಆಡಿಟ್ ಮಾಡಸೋದು ಬ್ಯಾಸರದ ಕೆಲಸ, ಅದನ್ನ ಹಿಡಕೊಂಡು ಮಾಡೋ ಒಬ್ಬಾವ ನಿಮ್ಮೊಳಗ ಇದ್ರ ಮಾತ್ರ ಹೋಗ್ರಿ. ರೊಕ್ಕ ಎತ್ತೋದು ಇಲ್ಲ, ಬರೇ ಹಕ್ಕಿ ಎಣಸತೀವಿ ಅಂದ್ರ ಈಗ ಅವಸರ ಇಲ್ಲ. ಬೆಂಗಳೂರಿನಾಗ 1970ರ ದಶಕದಾಗ ಡಾಕ್ಟರ್ ಜೋಸೆಫ್ ಜಾರ್ಜ್ ಅನ್ನೋರು ಶುರು ಮಾಡಿದ ಹಕ್ಕಿ ವೀಕ್ಷಕರ ಗುಂಪು ತಿಂಗಳಿಗೊಮ್ಮೆ ಎರಡನೇ ರವಿವಾರ ಲಾಲ್‌ಬಾಗಿನಾಗ ಕೂಡೋದು ಅನ್ನೋ ರೂಢಿಯಿಂದ ಬೆಳದದ್ದು. ದಿನ ಜಾಗಾ ಗಟ್ಟಿ ಇದ್ರ ಹೊಸಬರು ತಾವಾಗಿ ಬರ್ತಾರ.

ಆದ್ರ ಒಂದು ಕಾರಣಕ್ಕ ರಿಜಿಸ್ಟರ್ ಬೇಕಾಗಬಹುದು, ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಾಗ ಇದ್ದದ್ದು, ಈ ಹಕ್ಕಿ ಕೊಲ್ಲಬಾರದು, ಈ ಜಾಗಾದಾಗ ಹೋಗಬಾರದು, ಇಂಥಾದ್ದು. 2002ರ ತಿದ್ದುಪಡಿಯಿಂದ ಸಂರಕ್ಷಿತ ಜಾಗಾದ ಎರಡು ಹೊಸಾ ಬಗಿ ಬಂದ್ವು. ಖಾಸಗಿ ಇಲ್ಲಾ ಸಮುದಾಯದ ಜಮೀನು ಇದ್ರ ಊರವ್ರು ತಾವಾಗಿ ಮುಂದ ಬಂದ್ರ ಸಮುದಾಯ ಮೀಸಲು. ಸರಕಾರದ ಜಾಗಾ ಇದ್ರ ಅಲ್ಲಿಯ ಮಂದಿ ಜೋಡಿ ಮಾತಾಡಿ ಮಾಡೋದು ಸಂರಕ್ಷಣಾ ಮೀಸಲು. ಮುಳುಗಡಿಗೆ ಸ್ವಾಧೀನ ಆದ ಜಾಗಾ ಸರಕಾರದ್ದು, ಹಂಗಾಗಿ ಹಿನ್ನೀರಿನ ದಂಡಿಗೆ ಎರಡನೇದು ಹೊಂದತೈತಿ. ಅದರ ನಿರ್ವಹಣಾ ಸಮಿತಿಯೊಳಗ ಅರಣ್ಯ ಇಲಾಖೆಯವ್ರು, ಆ ಭಾಗದ ಪ್ರತಿ ಗ್ರಾಮ ಪಂಚಾಯತಿಯಿಂದ ಒಬ್ಬ, ಕೃಷಿ ಇಲಾಖೆ ಪಶು ಇಲಾಖೆಯಿಂದ ಒಬ್ಬೊಬ್ಬ, ಮತ್ತ ವನ್ಯಜೀವಿ ಕೆಲಸ ಮಾಡೋ ಸಂಸ್ಥೆಗಳಿಂದ ಮೂರು ಮಂದಿ ಇರಬೇಕು ಅಂತ ಕಾಯ್ದೆನ ಹೇಳತೈತಿ. ನಿಮ್ಮ ಸಂಘ ಇಲ್ಲಾಂದ್ರ ಆ ಮೂರು ಕುರ್ಚಿ ಮ್ಯಾಲ ದೂರದ ಊರಿನವ್ರು ಕುಂದರ್ತಾರ. ಕೊಲ್ಹಾರದ ಕಾಕಾರಂಥವ್ರು ಪಂಚಾಯತಿ ಪ್ರತಿನಿಧಿ ಆಗಿ ಇನ್ನೊಂದು ಕಡೆ ಕುಂತ್ರ ಬೆಳಿ ಹಾನಿ ಮಾತು ಮೊದಲನೇ ದಿನಾನ ದಾಖಲಾತಿಗೆ ಬರತೈತಿ.

ಗೋಳಗುಮ್ಮಟದ ಅಕ್ಕ (ವಿಜಯಪುರ)

ವಕೀಲ್ರು ಹೇಳಿದ್ದು ಭಾಳ ಉಪಯೋಗದ ಮಾತು. ಅದಕ್ಕ ನಂದೊಂದು ಕೂಡಸತೀನಿ, ಯಾಕಂದ್ರ ಇಷ್ಟೊತ್ತೂ ಎಲ್ಲಾರೂ ಗುಂಪು ಹೆಂಗ ಹುಟ್ಟಿತು ಅಂತ ಬರದ್ವಿ, ಹೆಂಗ ಉಳೀತು ಅನ್ನೋದಕ್ಕ ನನಗ ಕಾಣೋ ಉತ್ತರ ಒಂದ. ಬರದಿಟ್ಟವ್ರು ಉಳದ್ರು.

1900ರ ಕ್ರಿಸ್‌ಮಸ್ ದಿನ ಅಮೆರಿಕಾದಾಗ ಫ್ರಾಂಕ್ ಚಾಪ್‌ಮನ್ ಅನ್ನೋನು ಒಂದು ಹೊಸಾ ಪದ್ಧತಿ ಹಾಕಿದ. ಅಲ್ಲಿ ಹಬ್ಬದ ದಿನ ಗುಂಪು ಕಟ್ಟಿ ಯಾರು ಹೆಚ್ಚು ಹಕ್ಕಿ ಹೊಡೀತಾರ ಅಂತ ಪಂದ್ಯ ಇಡ್ತಿದ್ರು, ಇಂವಾ ಹೊಡಿಯೂದ ಬ್ಯಾಡ ಎಣಸೂಣು ಅಂದ. ಆ ದಿನ ಬಂದವ್ರು 27 ಮಂದಿ ಅಷ್ಟ. ಆ ಎಣಿಕಿ ಇವತ್ತಿನ ತನಕ ಒಂದ ವರ್ಷನೂ ತಪ್ಪಿಲ್ಲ, ಹಕ್ಕಿ ಹೆಚ್ಚಾಗ್ಯಾವೋ ಕಮ್ಮಿ ಆಗ್ಯಾವೋ ಅಂತ ಅಲ್ಲಿ ವಿಜ್ಞಾನಿಗಳು ನೋಡೋದು ಅದೇ ಪುಸ್ತಕ. ನಮ್ಮ ಕಡೆ ನೀರಹಕ್ಕಿಗಳಿಗೆ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ 1987ರಿಂದ ಪ್ರತಿ ಜನವರಿಯೊಳಗ ನಡೀತದ, ನಿಮ್ಮ ಹಿನ್ನೀರು ಅದಕ್ಕ ಹೇಳಿ ಮಾಡಿಸಿದ ಜಾಗಾ.

ಈ ಎಣಿಕಿ ಕಾಗದದಾಗ ಸುಮ್ನ ಇರಂಗಿಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ, ಪಟ್ಟೆತಲಿ ಹೆಬ್ಬಾತಿಗೆ ಹೆಸರಾದದ್ದು, 2024ರ ಜನವರಿ ಕಡೀಕ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು, ಜೋಡಿ ನಮ್ಮ ಅಂಕಸಮುದ್ರ ಮತ್ತ ಅಘನಾಶಿನಿ ಅಳಿವೆ. ರಾಮ್ಸಾರ್ ಅಂದ್ರ 1971ರಾಗ ಇರಾನಿನ ಆ ಊರಾಗ ಆದ ಜೌಗು ಪ್ರದೇಶಗಳ ಒಪ್ಪಂದ. ಅದರ ಮಾನದಂಡದಾಗ ಎರಡು ಪೂರ್ತಿ ಎಣಿಕಿ ಮ್ಯಾಲನ ನಿಂತಾವ: ಒಂದು ಜಾಗಾದಾಗ ವರ್ಷಾ ವರ್ಷಾ 20,000 ನೀರಹಕ್ಕಿ ಸೇರ್ತಿರಬೇಕು, ಇಲ್ಲಾ ಒಂದು ಜಾತಿಯ ಒಟ್ಟು ಹಕ್ಕಿಯೊಳಗ ನೂರಕ್ಕ ಒಂದು ಪಾಲು ಅಲ್ಲಿ ಇರ್ತಿರಬೇಕು. ಭಾಳ ಹಕ್ಕಿ ಅದಾವ್ರಿ ಸಾಹೇಬ್ರ ಅಂದ್ರ ಯಾರೂ ಕೇಳಂಗಿಲ್ಲ, ಇಷ್ಟು ವರ್ಷದಾಗ ಇಂಥಾ ದಿನ ಇಷ್ಟಿದ್ವು ಅಂತ ತೋರಿಸಿದ್ರ ಕೇಳ್ತಾರ.

ಏನು ಬರೀಬೇಕು ಅಂದ್ರ, ತಾರೀಖು, ಶುರು ಮಾಡಿದ ಹೊತ್ತು ಮುಗಿಸಿದ ಹೊತ್ತು, ಎಲ್ಲಿಂದ ಎಲ್ಲಿ ತನಕ ನಡದ್ರಿ, ಯಾರ್ಯಾರು ಎಣಿಸಿದ್ರು, ಗಾಳಿ ಮಂಜು ಹೆಂಗಿತ್ತು, ಮತ್ತ ನಿಮ್ಮಲ್ಲಿ ಮುಖ್ಯ ಅಂದ್ರ ಡ್ಯಾಮಿನ ನೀರಿನ ಮಟ್ಟ. ಆಲಮಟ್ಟಿ ತುಂಬಿದಾಗ 519.60 ಮೀಟರ್, ಅಲ್ಲಿಂದ ಎಷ್ಟು ಇಳದಾಗ ಯಾವ ಹಕ್ಕಿ ಬಂತು ಅಂತ ಹತ್ತು ವರ್ಷ ಬರದ್ರ ಅದರಂಥ ದಾಖಲೆ ಇನ್ನೊಂದಿಲ್ಲ. ಹಕ್ಕಿ ಕಾಣದ ದಿನಾನೂ ಬರೀರಿ, ಸೊನ್ನಿ ಅಂತ. ಹೆಬ್ಬಾತಿನ ಕೊಳ್ಳಾಗ ವಿಜ್ಞಾನಿಗಳು ಕಟ್ಟಿದ ಗುರುತಿನ ಪಟ್ಟಿ ಇದ್ರ ಅದರ ಮ್ಯಾಲಿನ ಅಕ್ಷರ ನೋಡಿ ಬರೀರಿ, ಮಂಗೋಲಿಯಾದಾಗ ಪಟ್ಟಿ ಕಟ್ಟಿದ ಹೆಬ್ಬಾತು ನಮ್ಮ ರಾಜ್ಯದ ಕೆರಿಗಳೊಳಗ ಸಿಕ್ಕಾವ. ನೋಡಿದ ಹಕ್ಕಿ ಲೆಕ್ಕ ದಾಖಲ ಮಾಡೋ ಇಬರ್ಡ್ ಆ್ಯಪಿನಾಗ ಹಾಕ್ರಿ, ಆದ್ರ ಪುಸ್ತಕಾನೂ ಇಡ್ರಿ, ಅದು ಒಬ್ಬರ ಮನ್ಯಾಗ ಇರದ ಸಾಲಿಯೊಳಗ ಇರಲಿ, ಅಂದ್ರ ಹುಡುಗ್ರು ನೌಕರಿಗೆ ಪುಣೆ ಬೆಂಗಳೂರಿಗೆ ಹೋದ್ರೂ ಪುಸ್ತಕ ಊರಾಗ ಉಳೀತದ.

ಕೃಷ್ಣಾ ದಂಡಿ ರೈತ (ಕೊಲ್ಹಾರ)

ಅಕ್ಕಾರ, ಆ ಪುಸ್ತಕದಾಗ ಹೊಲದ್ದೂ ಒಂದು ಕಾಲಂ ಮಾಡ್ರಿ. ಯಾವ ಹೊಲ, ಏನು ಬಿತ್ತಿದ್ದು, ಬಿತ್ತಿ ಎಷ್ಟು ದಿನಕ್ಕ ಹಕ್ಕಿ ಇಳದ್ವು, ಎಷ್ಟು ಸಾಲು ಹೋತು. ನಾ ಬರಸತೀನಿ, ಬಾಜೂ ಹೊಲದವ್ರಿಗೂ ಹೇಳತೀನಿ. ಮುಂದ ಯಾವ ಸಮಿತಿ ಆದ್ರೂ ನಮ್ಮ ಲೆಕ್ಕಾನೂ ನಿಮ್ಮ ಲೆಕ್ಕದ ಜೋಡಿನ ಇರ್ತೈತಿ. ಕೊಯ್ಲು ಆದ ಹೊಲದಾಗ ಉದುರಿದ ಕಾಳು ತಿಂದ್ರ ನಮಗೇನೂ ತಕರಾರಿಲ್ಲ, ಅಲ್ಲಿ ಕುಂತು ಫೋಟೋ ತಗೋಳ್ರಿ, ಯಾವ ಹೊಲ ಅಂತ ನಾ ತೋರಸತೀನಿ. ಗಾಡಿ ಮಾತ್ರ ಡಾಂಬರ ರಸ್ತಾದಾಗ ನಿಂದರಸ್ರಿ.

ಹಿನ್ನೀರ ದಂಡಿ (ಬೀಳಗಿ)

ಎಲ್ಲಾರಿಗೂ ಭಾಳ ಭಾಳ ಧನ್ಯವಾದ್ರಿ. ನಿನ್ನೆ ಸಂಜಿಕ ಕೂಡಿದ್ವಿ. ಈ ವರ್ಷ ರಿಜಿಸ್ಟರ್ ಮಾಡಸಂಗಿಲ್ಲ, ಒಂದು ಥಂಡಿ ಪೂರ್ತಿ ಎಣಿಕಿ ಮುಗದ ಮ್ಯಾಲ ವಕೀಲ್ರ ಹತ್ರ ಬರ್ತೀವಿ. ದಾಖಲೆ ಪುಸ್ತಕ ಮಾಸ್ತರ ಸಾಲಿ ಲೈಬ್ರರಿಯೊಳಗ ಇಡೋದು, ಕಾಕಾರು ಹೇಳಿದ ಹೊಲದ ಕಾಲಂ ಹಾಕೀವಿ. ನರ್ಸ್ ಅಕ್ಕಾರು ಹಳ್ಳಿ ಹಳ್ಳಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕ ಹೆಂಗೂ ಹೋಗ್ತಾರ, ಬಾಸ್ಟನ್ ಚಹಾ ಕಥಿ ಅಲ್ಲಿ ತಾವ ಹೇಳತೀನಿ ಅಂದಾರ.

ಜನವರಿ ಎಣಿಕಿಗೆ ಅನಗವಾಡಿಯಿಂದ ಹೆರಕಲ್ ಮಟಾ ನಾವು ನೋಡ್ಕೋತೀವಿ. ಕೊಲ್ಹಾರ ಸೇತುವಿ ಕಡೆ ಕಾಕಾರ ಜೋಡಿ ಇಬ್ಬರು ಬೇಕು, ಚಿಕ್ಕಪಡಸಲಗಿ ಕಡೆ ಜಮಖಂಡಿ ಪೋರ ಅನ್ನೋರು ಒಪ್ಪಿದ್ರ ಅದೂ ಆತು. ಮುಂಜಾನೆ ಆರಕ್ಕ ಶುರು, ಎರಡೂ ದಂಡಿಯಾಗ ಒಂದ ಹೊತ್ತಿನ್ಯಾಗ ಎಣಸಬೇಕು, ಇಲ್ಲಂದ್ರ ಆ ಕಡೆ ಎಣಿಸಿದ್ದ ಹಕ್ಕಿ ಈ ಕಡೆ ಹಾರಿ ಬಂದು ಎರಡ ಸಲ ಎಣಿಕಿ ಆಗ್ತೈತಿ. ನಮ್ಮ ಕಡೆ ಬೈನಾಕ್ಯುಲರ್ ಎರಡ ಅದಾವು, ಕೊಲ್ಹಾರ ಕಡೆ ಹೋಗೋರು ಯಾರರ ತಮ್ದು ತಂದ್ರ ಭಾಳ ಅನುಕೂಲ, ಬರೋರು ಇಲ್ಲೇ ಹೇಳ್ರಿ.